ನನ್ನ ಚೀಲದ ಕಥೆ, ನನ್ನ ಬಾಯಲ್ಲೇ

ಪೂಜಾ, ಸುಮಾ, ಶರಣು, ನೀವು ಮೂವರೂ ಈ ಕಥೆಯನ್ನು ದೊಡ್ಡಾಯಿಯ ಬಾಯಲ್ಲಿ ಎಷ್ಟೋ ಸಲ ಕೇಳಿದ್ದೀರಿ. ಮೊನ್ನೆ ಇಂಡಿ ಊರಿನ ಮದುವೆಯಲ್ಲೂ ಅವಳು ಅದನ್ನೇ ಹೇಳುತ್ತ ಕೂತಿದ್ದಳು. ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡ ಹೆಂಗಸರು ಅವಳ ಸುತ್ತ ಸೇರಿ, "ಆಮ್ಯಾಗ ಏನಾತ್ರಿ ಶಾಂತಕ್ಕಾ?" ಎನ್ನುತ್ತಿದ್ದರು. ಕಥೆ ನನ್ನ ಹೊಟ್ಟೆಯದು. ಕೊಯ್ದದ್ದು ನನ್ನನ್ನು. ಹೊಲಿಗೆ ಹಾಕಿದ್ದು ನನಗೆ. ನಾನು ಅದೇ ಜಮಖಾನೆಯ ತುದಿಯಲ್ಲಿ ಕೂತಿದ್ದೆ. ಒಬ್ಬಳೂ ನನ್ನ ಕಡೆ ತಿರುಗಿ ಕೇಳಲಿಲ್ಲ.

ಆವತ್ತೇ ಇದನ್ನು ಬರೆಯಬೇಕು ಅನಿಸಿತು. ನಾಲ್ಕು ಜನರ ಮುಂದೆ ನನಗೆ ಮಾತು ಹೊರಡುವುದಿಲ್ಲ, ನಿಮಗೆ ಗೊತ್ತು. ನಾನು ಕಲಿತದ್ದು ಕೊಲ್ಹಾರದ ಕಡೆಯ ಹಳ್ಳಿಯ ಸಾಲೆಯಲ್ಲಿ. ಆ ಸಾಲೆ ಈಗ ಕೃಷ್ಣೆಯ ಹಿನ್ನೀರಿನೊಳಗಿದೆ. ಆದರೆ ಅಕ್ಷರ ಮುಳುಗಿಲ್ಲ. ನಿಧಾನವಾಗಿ ಬರೆದರೆ ನನಗೂ ಹೇಳಲು ಬರುತ್ತದೆ.

ದೊಡ್ಡಾಯಿ ಎಂದರೆ ನಿಮ್ಮ ಮುತ್ಯಾ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ, ನನ್ನ ನೆಗೆಣ್ಣಿ ಶಾಂತವ್ವ. ಮಸೂತಿ ಊರಿನ ಈ ಮನೆ ಎರಡು ಪಾಲಾದ ಮೇಲೂ ನಡುವೆ ಇರುವುದು ಒಂದೇ ಗೋಡೆ. ಅವಳ ಮನೆಯ ಒಗ್ಗರಣೆಯ ವಾಸನೆ ನನ್ನ ಮನೆಗೆ ಬರುತ್ತದೆ. ನಗು ಕೂಡ ಬರುತ್ತದೆ. ಆಕೆ ನಗುವುದು ಹೆಚ್ಚು.

ಇನ್ನು ಚೀಲ ಎಂದರೆ ಏನೆಂದು ಶರಣು ಒಮ್ಮೆ ಕೇಳಿ ಬೈಸಿಕೊಂಡಿದ್ದ. ಬೈದದ್ದು ತಪ್ಪು. ನಿಮ್ಮ ಪುಸ್ತಕದಲ್ಲಿ ಅದನ್ನು ಗರ್ಭಕೋಶ ಎಂದು ಬರೆದಿರುತ್ತಾರೆ. ನಮ್ಮ ಕಡೆ ಹೆಂಗಸರು ಚೀಲ ಎನ್ನುತ್ತಾರೆ. ನಿಮ್ಮಪ್ಪ ಒಂಬತ್ತು ತಿಂಗಳು ಅದರಲ್ಲೇ ಇದ್ದ. ನಾಚಿಕೊಳ್ಳುವಂಥದ್ದು ಅದರಲ್ಲಿ ಏನೂ ಇಲ್ಲ, ಆದರೂ ನಾನು ಜೀವಮಾನವೆಲ್ಲ ನಾಚಿಕೊಂಡೆ. ಅದಕ್ಕೇ ಇಷ್ಟು ಆದದ್ದು.

ಶಾಂತವ್ವನ ಚೀಲ ತೆಗೆದಾಗ ನಿಮ್ಮಪ್ಪ ಇನ್ನೂ ಸಾಲೆಗೆ ಹೋಗುತ್ತಿದ್ದ. ಆಕೆಗೆ ಗಂಟುಗಳಾಗಿ ಮುಟ್ಟು ನಿಲ್ಲದೆ ಹರಿಯುತ್ತಿತ್ತು, ಮೈಯೆಲ್ಲ ಬಿಳಿಚಿಕೊಂಡಿತ್ತು. ಅದು ನಿಜವಾದ ಕಷ್ಟ, ಇಲ್ಲ ಎನ್ನುವುದಿಲ್ಲ. ಆದರೆ ನನ್ನ ಕಣ್ಣಿಗೆ ಆಗ ಕಂಡದ್ದು ಆ ಕಷ್ಟ ಅಲ್ಲ, ಆಮೇಲಿನ ಮಂಚ. ತಾಳಿಕೋಟೆಯಿಂದ ಅವಳ ತಾಯಿ ಬಂದರು, ಡಬ್ಬಿ ತುಂಬ ಅಂಟಿನುಂಡೆ ತಂದರು. ಕಿಟಕಿಯ ಹತ್ತಿರ ಮಂಚ ಹಾಕಿದರು. ಬಾಣಂತಿಯಂತೆ ತಲೆಗೆ ವಸ್ತ್ರ ಕಟ್ಟಿಕೊಂಡು ಆಕೆ ಅಲ್ಲಿ ಒರಗಿದ್ದಳು. ಸಂಜೆ ಹೊಲದಿಂದ ಬಂದ ಭಾವ, ಕಾಲು ತೊಳೆಯುವ ಮೊದಲೇ ಬಾಗಿಲಲ್ಲಿ ನಿಂತು, "ಉಂಡೇನು?" ಎಂದು ಕೇಳುತ್ತಿದ್ದರು. ಅಷ್ಟೇ ಮಾತು. ಆ ಒಂದು ಮಾತಿಗಾಗಿ ನಾನು ಒಲೆಯ ಮುಂದೆ ಉರಿದಿದ್ದೇನೆ.

ಮನೆಮಂದಿಗೆಲ್ಲ ರೊಟ್ಟಿ ಬಡಿಯುತ್ತಿದ್ದವಳು ನಾನು. ಬಿಸಿ ರೊಟ್ಟಿ ಒಯ್ದು ಕೊಟ್ಟರೆ ಆಕೆ ತುಂಡು ಮುರಿದು ನೋಡಿ, "ಸ್ವಲ್ಪ ತೆಳ್ಳಗ ಬಡಿಯವಾ ತಂಗಿ, ಅಗಿಯಾಕ ಶಕ್ತಿ ಇಲ್ಲ ನನಗ" ಎನ್ನುತ್ತಿದ್ದಳು. ನಾನು ಹೂಂ ಎಂದು ಬಂದು ಮತ್ತೂ ದಪ್ಪ ಬಡಿಯುತ್ತಿದ್ದೆ. ನಾನು ಎರಡು ಹೆತ್ತಾಗ ಹದಿಮೂರನೆಯ ದಿನಕ್ಕೇ ಕೊಡ ಹೊತ್ತವಳು. ನನಗೂ ಒಂದು ಚೀಲದ ಬೇನೆ ಬರಬಾರದೇ, ನಾನೂ ಒಂದು ಮಂಚದ ಮೇಲೆ ಮಲಗಬಾರದೇ ಎಂದು ಆಗ ಅನಿಸುತ್ತಿತ್ತು. ಯಾರು ಕೇಳಿಸಿಕೊಂಡರೋ. ಬೇನೆ ಬಂತು. ಆದರೆ ತಡವಾಗಿ, ನಿಮ್ಮ ಮುತ್ಯಾ ತೀರಿಕೊಂಡು ಬಾಗಿಲಲ್ಲಿ ನಿಂತು ಉಂಡೇನು ಎಂದು ಕೇಳುವವರು ಇಲ್ಲದಾದ ಮೇಲೆ ಬಂತು.

ಮುಟ್ಟು ನಿಂತು ಎಷ್ಟೋ ವರ್ಷ ಆಗಿದ್ದಾಗ ಒಂದು ದಿನ ಮತ್ತೆ ಕೆಂಪು ಕಂಡಿತು. ಸ್ವಲ್ಪವೇ. ಹಳೆಯ ಸೀರೆ ಹರಿದು ಇಟ್ಟುಕೊಂಡೆ, ಸುಮ್ಮನಾದೆ. ನಿಂತಿತು. ಮತ್ತೆ ಬಂತು. ಯಾರಿಗೆ ಹೇಳುವುದು? ನಿಮ್ಮವ್ವ ಸೊಸೆ. ಗಂಡು ಮಗನಿಗೆ ಹೇಳುವ ಮಾತಲ್ಲ. ಗೋಡೆಯ ಆಚೆಯವಳಿಗೆ ಹೇಳಿದರೆ ಓಣಿಗೆಲ್ಲ ಹೇಳಿದಂತೆ.

ಕೊನೆಗೆ ನಿಮ್ಮವ್ವನೇ ಒಗೆಯುವ ಬಟ್ಟೆಯಲ್ಲಿ ನೋಡಿ, ಬಸವನ ಬಾಗೇವಾಡಿಯ ಒಂದು ದವಾಖಾನೆಗೆ ಕರೆದುಕೊಂಡು ಹೋದಳು. ಡಾಕ್ಟರ್ ಹುಡುಗ ಒಳ್ಳೆಯವನು, ನಮ್ಮ ಶರಣುವಿನಂತೆ ಕನ್ನಡಕ. ನಿಮ್ಮವ್ವನನ್ನು ಹೊರಗೆ ನಿಲ್ಲಿಸಿ ನಾನೊಬ್ಬಳೇ ಒಳಗೆ ಹೋದೆ. ಅವಳ ಮುಂದೆ ಹೇಗೆ ಹೇಳಲಿ?

"ಏನಾಗೇತ್ರಿ ಆಯಿ?" ಎಂದ.

"ಒಂದಕ್ಕ ಹೋದಾಗ ಕೆಂಪ ಕಾಣತೈತ್ರಿ" ಎಂದೆ. ಅದಕ್ಕಿಂತ ಬಿಡಿಸಿ ಹೇಳಲು ಬಾಯಿ ಬರಲಿಲ್ಲ.

"ಆಪರೇಷನ್ ಆಗೇತೇನ್ರಿ?"

"ಹೌದ್ರಿ, ಆಗೇತ್ರಿ. ಭಾಳ ದಿವಸ ಆತು."

ಇಲ್ಲಿಯೇ ನೋಡಿ ತಪ್ಪಾದದ್ದು. ನಮ್ಮ ಕಾಲದ ಹೆಂಗಸರಿಗೆ ಆಪರೇಷನ್ ಎಂದರೆ ಒಂದೇ, ಇನ್ನು ಮಕ್ಕಳು ಸಾಕು ಎಂದು ಮಾಡಿಸಿಕೊಳ್ಳುವುದು. ಮಗನ ನಂತರ ನನಗೆ ಅದು ಆಗಿತ್ತು, ಹೌದು ಎಂದೆ. ಅವನು ದಿನಾ ನೋಡುವ ಹೆಂಗಸರಲ್ಲಿ ಅರ್ಧಕ್ಕರ್ಧ ಜನ ಚೀಲ ತೆಗೆಸಿಕೊಂಡವರು. ಅವನ ಕಿವಿಗೆ ಆಪರೇಷನ್ ಎಂದರೆ ಚೀಲದ್ದು. ಚೀಲವೇ ಇಲ್ಲದ ಮೇಲೆ ರಕ್ತ ಮೂತ್ರದ ಕಡೆಯಿಂದಲೇ ಬರಬೇಕಲ್ಲವೇ? ಪರೀಕ್ಷೆ ಮಾಡಲು ನರ್ಸಮ್ಮನನ್ನು ಕರೆಯುತ್ತೇನೆ ಎಂದ. ನಾನು ಸೆರಗು ಬಿಗಿಯಾಗಿ ಹಿಡಿದು, "ಬ್ಯಾಡ್ರಿ, ಗುಳಿಗಿ ಕೊಡ್ರಿ ಸಾಕು" ಎಂದೆ. ಉರಿಮೂತ್ರದ ಗುಳಿಗೆ ಕೊಟ್ಟ. ನಿಂತಂತೆ ಆಯಿತು, ಮತ್ತೆ ಬಂತು. ಮತ್ತೆ ಹೋದೆ, ಮತ್ತೆ ಗುಳಿಗೆ. ಹೀಗೇ ಒಂದು ಮಳೆಗಾಲ ಕಳೆದು ಜೋಳ ತೆನೆ ಹಿಡಿಯುವವರೆಗೂ ನಡೆಯಿತು. ಆ ಹುಡುಗನನ್ನು ನಾನು ಬೈಯುವುದಿಲ್ಲ. ಅವನು ಕೇಳಿದ್ದಕ್ಕೆ ನಾನು ಉತ್ತರ ಕೊಟ್ಟಿದ್ದೆ. ಇಬ್ಬರ ಮಾತೂ ಸರಿಯೇ ಇತ್ತು.

ಅಷ್ಟರಲ್ಲಿ ಶಾಂತವ್ವನಿಗೆ ಮತ್ತೊಂದು ತಕರಾರು ಶುರುವಾಯಿತು. ಕೆಮ್ಮಿದರೆ, ನಕ್ಕರೆ ಸೀರೆ ಒದ್ದೆಯಾಗುತ್ತದೆ ಎಂದು ಅವಳು ಓಣಿಯಲ್ಲೆಲ್ಲ ಹೇಳಿಕೊಂಡು ಓಡಾಡಿದಳು. ಅವಳಿಗೆ ನಾಚಿಕೆಯೇ ಇಲ್ಲ. ಮುದ್ದೇಬಿಹಾಳದಲ್ಲಿ ಅವಳ ಮಗಳು ಕಸ್ತೂರಿಯನ್ನು ಕೊಟ್ಟಿದ್ದಾರಲ್ಲ, ಅಲ್ಲಿ ಒಬ್ಬ ಹೆಣ್ಣು ಡಾಕ್ಟರ್ ಛಲೋ ನೋಡುತ್ತಾರೆ ಎಂದು ಹೊರಟಳು. ಭಾವನಿಗೆ ಜೋಳದ ಹೊಲ ಕಾಯುವ ಕೆಲಸ. ಗೋಡೆಯ ಆಚೆಯಿಂದ ಕೂಗು ಬಂತು: "ತಂಗೀ, ನೀ ಬಾ ನನ್ನ ಜೋಡಿ. ಅಲ್ಲಿ ಕುಂದ್ರಾಕ ಯಾರರ ಬೇಕು."

ಹೋದೆ. ಆಕೆಯ ಚೀಲ ಹಿಡಿದುಕೊಂಡು ಹೋದೆ. ಈ ಸಲ ಬಟ್ಟೆಯ ಚೀಲ.

ದವಾಖಾನೆಯಲ್ಲಿ ಬಾಗಿಲಿನವರೆಗೂ ಹೆಂಗಸರು. ನರ್ಸಮ್ಮ ಹೊರಗೆ ಬಂದು, "ಚೀಲದವರು ಯಾರ್ರಿ? ಚೀಲದವರು ಒಳಗ ಬರ್ರಿ!" ಎಂದು ಕೂಗಿದಳು. ಮೂಲೆಯಲ್ಲಿ ಕೂತಿದ್ದ ಒಬ್ಬ ಮುದುಕ ತನ್ನ ಜೋಳದ ಹಿಟ್ಟಿನ ಚೀಲ ಎತ್ತಿಕೊಂಡು ಎದ್ದು ನಿಂತು, "ನಂದಽ ರೀ ಇದು, ಹಾದ್ಯಾಗ ಇಟ್ಟಿದ್ದೆ" ಎಂದ. ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಶಾಂತವ್ವ ಜೋರಾಗಿ ನಕ್ಕು, "ಅಯ್ಯ ಶಿವನ, ನಗಿಸಬ್ಯಾಡೋ ಮುತ್ಯಾ, ನನಗ ಅದಽ ಬ್ಯಾನಿ ಐತಿ" ಎಂದಳು. ಅಲ್ಲಿಗೆ ಇಡೀ ಪಡಸಾಲೆ ಅವಳದಾಯಿತು.

ಒಳಗೆ ಮೇಡಂ ಅವಳನ್ನು ಕೂರಿಸಿಕೊಂಡು ಎಷ್ಟು ಹೊತ್ತು ಮಾತಾಡಿಸಿದರು! ಮೊಣಕಾಲು ಹೇಗಿದೆ, ನಿದ್ದೆ ಬರುತ್ತದೆಯೇ, ಮನೆಯಲ್ಲಿ ಯಾರ್ಯಾರು. ನಾನು ಬಾಗಿಲ ಬಳಿ ಬಟ್ಟೆಯ ಚೀಲ ಹಿಡಿದು ನಿಂತಿದ್ದೆ. ಎಷ್ಟೋ ತಿಂಗಳಿಂದ ರಕ್ತ ಹೋಗುತ್ತಿದ್ದವಳು ನಾನು, ನಕ್ಕರೆ ಒದ್ದೆಯಾಗುವವಳಿಗೆ ಕುರ್ಚಿ.

ಆಗ ಮೇಡಂ ಕೇಳಿದರು: "ಆಪರೇಷನ್ ಆಗೇತೇನವಾ?"

"ಆಗೇತ್ರಿ ಮೇಡಂ."

"ಯಾವದು? ಮಕ್ಕಳಾಗದ್ಹಂಗ ಮಾಡಿದ್ದೋ, ಚೀಲಾ ತಗದದ್ದೋ?"

ಶಾಂತವ್ವ ಮದುವೆಯ ಸೀರೆ ತೋರಿಸುವವಳ ಹಾಗೆ ಹೇಳಿದಳು: "ಎರಡೂ ಆಗ್ಯಾವ್ರಿ!"

ಎರಡು. ಆಪರೇಷನ್ ಎಂದರೆ ಎರಡು ಬಗೆ ಎಂದು ನನಗೆ ತಿಳಿದದ್ದು ಆಗ. ಶಾಂತವ್ವನ ಚೀಲ ತೆಗೆದದ್ದು ನನಗೆ ಗೊತ್ತಿತ್ತು, ಆದರೆ ಅದನ್ನು ನಾವು ಚೀಲ ತೆಗೆಸುವುದು ಎನ್ನುತ್ತಿದ್ದೆವು, ಆಪರೇಷನ್ ಎನ್ನುತ್ತಿರಲಿಲ್ಲ. ಆ ಕನ್ನಡಕದ ಹುಡುಗ ಏನು ತಿಳಿದುಕೊಂಡ ಎಂದು ಹೊಳೆಯಿತು. ಆದರೆ ನಿಜ ಹೇಳುತ್ತೇನೆ, ನನ್ನ ಬಾಯಿ ತೆರೆಸಿದ್ದು ಆ ತಿಳಿವಳಿಕೆ ಅಲ್ಲ. ಇದರಲ್ಲೂ ಇವಳಿಗೆ ಎರಡು, ನನಗೆ ಒಂದೇ ಎಂಬ ಉರಿ. ಆ ಉರಿ ಗಂಟಲಿಗೆ ಬಂದು, ಹುಟ್ಟಿದಾಗಿನಿಂದ ಯಾರ ಮುಂದೆಯೂ ಹೊರಡದ ಮಾತು ಹೊರಟಿತು.

"ನಂದು ಒಂದಽ ಆಗೇತ್ರಿ. ಮಕ್ಕಳದ್ದಷ್ಟ. ಚೀಲಾ ಹಾಂಗಽ ಐತಿ. ಮುಟ್ಟು ನಿಂತು ಭಾಳ ವರ್ಷ ಆಗ್ಯಾವು, ಈಗ ರಕ್ತಾ ಹೊಂಟೇತಿ. ನನ್ನೂ ನೋಡ್ರಿ!"

ಮೇಡಂ ಪೆನ್ನು ಕೆಳಗಿಟ್ಟರು. ಶಾಂತವ್ವ ತಿರುಗಿ ನನ್ನನ್ನು ನೋಡಿದಳು. ಆಕೆಯ ಬಾಯಿ ಮುಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಯವ್ವಾ, ನೀವು ಬಂದ ಇಲ್ಲಿ ಕುಂದರ್ರಿ" ಎಂದರು ಮೇಡಂ. ಶಾಂತವ್ವ ಎದ್ದಳು. ಆ ಕುರ್ಚಿಯಲ್ಲಿ ನಾನು ಕೂತೆ. ಆಕೆಯ ಬಿಸಿ ಅದರಲ್ಲಿ ಇನ್ನೂ ಇತ್ತು.

ಪರೀಕ್ಷೆ, ಹೊಟ್ಟೆಯ ಸ್ಕ್ಯಾನಿಂಗ್ ಎಲ್ಲ ಆಯಿತು. ಪರೀಕ್ಷೆಯ ಮೇಜಿನ ಮೇಲೆ ನಾನು ಕಣ್ಣು ಮುಚ್ಚಿಕೊಂಡು ಸಾಲೆಯಲ್ಲಿ ಕಲಿತ ಮಗ್ಗಿ ಹೇಳಿಕೊಂಡೆ. ಚೀಲದ ಒಳಮೈ ದಪ್ಪವಾಗಿದೆ, ಒಂದು ತುಣುಕು ತೆಗೆದು ಪರೀಕ್ಷೆಗೆ ಕಳಿಸಬೇಕು ಎಂದರು. ಯಾಕೆ ಎಂದು ನಾನು ಕೇಳಲಿಲ್ಲ, ಅವರೂ ಆ ಶಬ್ದ ಹೇಳಲಿಲ್ಲ. ನಮ್ಮ ಕಡೆ ಅದನ್ನು ದೊಡ್ಡ ಬೇನೆ ಎನ್ನುತ್ತಾರೆ. ನನ್ನ ಚಿಕ್ಕಮ್ಮ ಅದರಲ್ಲೇ ಹೋದಳು.

ಉತ್ತರ ಬರುವ ದಿನ ನಾವಿಬ್ಬರೇ ಹೋಗಿ ಅದೇ ಪಡಸಾಲೆಯಲ್ಲಿ ಕೂತೆವು. ನಿಮ್ಮಪ್ಪ ಬರುತ್ತೇನೆ ಎಂದ, ಬೇಡ ಎಂದೆ. ಎದುರಿಗೆ ಸಿಂದಗಿಯ ಕಡೆಯ ಒಬ್ಬಾಕೆ ಕೂತಿದ್ದಳು, ನನ್ನ ವಯಸ್ಸಿನವಳೇ, ಹಣೆಯ ಮೇಲೆ ಕಾಸಿನಗಲ ಕುಂಕುಮ. ಅವಳು ಮೊದಲು ಒಳಗೆ ಹೋದಳು, ಹೊರಗೆ ಬಂದು ಗಂಡನಿಗೆ ಒಂದೇ ಮಾತು ಹೇಳಿದಳು: "ಏನೂ ಇಲ್ಲಂತ." ಆ ಗಂಡ ಬೀಡಿ ಸೇದಲು ಹೊರಗೆ ಓಡಿದ, ಅಳುವುದನ್ನು ಯಾರೂ ನೋಡಬಾರದೆಂದು. ಆ 'ಏನೂ ಇಲ್ಲ' ನನಗೆ ಬೇಕಿತ್ತು. ಮಂದಿಯ ಒಡವೆಯನ್ನೂ ನಾನು ಅಷ್ಟು ಆಸೆಯಿಂದ ನೋಡಿದವಳಲ್ಲ.

ಶಾಂತವ್ವ ಹುರಿದ ಶೇಂಗಾ ತಿನ್ನುತ್ತಿದ್ದಳು.

"ಹೆದರಿಕಿ ಬಂದೇತೇನು?" ಎಂದಳು.

"ಇಲ್ಲ."

"ಸುಳ್ಳ ಹೇಳಬ್ಯಾಡ. ನನ್ನ ಸೆರಗ ಹಿಡಕೊಂಡಿ ನೋಡು, ಹರದೀತು."

ನೋಡಿದರೆ ನಿಜವಾಗಿಯೂ ನನ್ನ ಮುಷ್ಟಿಯಲ್ಲಿ ಅವಳ ಸೆರಗು ಇತ್ತು. ಬಿಟ್ಟೆ. ಅವಳು ಮುಷ್ಟಿಗೆ ನಾಲ್ಕು ಶೇಂಗಾ ಹಾಕಿ ಸೆರಗನ್ನು ಮತ್ತೆ ಹಿಡಿಸಿದಳು.

ದೊಡ್ಡ ಬೇನೆ ಇನ್ನೂ ಆಗಿಲ್ಲ, ಆದರೆ ಆ ಕಡೆಗೆ ಹೊರಟಿದೆ ಎಂದರು ಮೇಡಂ. "ಛಲೋ ಹೊತ್ತಿನಾಗ ಬಾಯಿ ಬಿಟ್ರಿ ಯವ್ವಾ. ಚೀಲಾ ತಗದ ಬಿಡೋಣು." ಗುಳಿಗೆ ನುಂಗುತ್ತ ಇನ್ನೊಂದು ವರ್ಷ ಕೂತಿದ್ದರೆ ಮಾತು ಬೇರೆ ಇರುತ್ತಿತ್ತು ಎಂದು ಆಮೇಲೆ ಹೇಳಿದರು.

ಆಪರೇಷನ್ನಿನ ಬೆಳಿಗ್ಗೆ ಹಸಿರು ಗೌನು ಹಾಕಿ ಕೂರಿಸಿದರು. ಪಕ್ಕದ ಮಂಚದಲ್ಲಿ ಇನ್ನೊಬ್ಬ ಹೆಣ್ಣುಮಗಳು. ನರ್ಸಮ್ಮ ಬಂದು, "ಬಳಿ, ತಾಳಿ, ಕಾಲುಂಗುರ ಎಲ್ಲಾ ತಗದ ಮನಿಯವರ ಕೈಯಾಗ ಕೊಡ್ರಿ" ಎಂದಳು. ಆ ಹುಡುಗಿಗೆ ತೆಗೆದಷ್ಟೂ ಮುಗಿಯದು. ಮೊಣಕೈವರೆಗೆ ಹಸಿರು ಬಳೆ, ಗಂಡ ಸೋಪಿನ ನೀರು ಹಚ್ಚಿ ಒಂದೊಂದಾಗಿ ಜಾರಿಸಿ ತನ್ನ ಕರ್ಚೀಫಿನಲ್ಲಿ ಇಟ್ಟುಕೊಳ್ಳುತ್ತಿದ್ದ. ನರ್ಸಮ್ಮ ನನ್ನ ಕಡೆ ತಿರುಗಿ ನೋಡಿ, ಏನೂ ಕೇಳದೆ ಮುಂದೆ ಹೊರಟಳು. ತೆಗೆಯಲು ನನ್ನ ಮೈಮೇಲೆ ಏನಿದೆ? ನಿಮ್ಮ ಮುತ್ಯಾ ಹೋದ ದಿನವೇ ಎಲ್ಲ ತೆಗೆದಾಗಿತ್ತು.

"ಏ ಬಾಯಿ, ನಿಂದರ್ರಿ!" ಎಂದು ಶಾಂತವ್ವ ಕೂಗಿದಳು. "ನಮ್ಮಾಕಿಗೆ ಕೇಳವಲ್ರಿ? ಆಕಿ ಕಿವ್ಯಾಗ ಬೆಂಡೋಲಿ ಅದಾವು, ಬಂಗಾರದ್ದು!" ಹೇಳಿ, ನನ್ನ ಕಿವಿಗೆ ಕೈ ಹಾಕಿ ಆ ಸಣ್ಣ ಬೆಂಡೋಲೆಗಳನ್ನು ತಿರುಪಿ ತೆಗೆದು, ಎಲ್ಲರಿಗೂ ಕಾಣುವ ಹಾಗೆ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಗಂಟನ್ನು ಎರಡು ಸಲ ಎಳೆದು ನೋಡಿದಳು. ಕಿವಿ ಹಗುರಾಯಿತು. ಒಳಗೆ ಒಯ್ಯುವಾಗ ನನಗೆ ನೆನಪಿರುವುದು ಆ ಗಂಟು.

ಎಚ್ಚರವಾದಾಗ ಬಾಯಿ ಒಣಗಿತ್ತು, ಹೊಟ್ಟೆಯ ಮೇಲೆ ಕಲ್ಲು ಇಟ್ಟಂತೆ ಇತ್ತು. ಶಾಂತವ್ವ ಒದ್ದೆ ಬಟ್ಟೆಯಿಂದ ತುಟಿ ಒರೆಸುತ್ತಿದ್ದಳು. ಆಮೇಲಿನ ದಿನಗಳಲ್ಲಿ ನಾನು ಮಾಡಿದ್ದು ಮಲಗುವುದು. ಕೊನೆಗೂ ಮಂಚ ಸಿಕ್ಕಿತ್ತು. ಆದರೆ ಆ ಕೋಣೆಯಲ್ಲಿ ಯಾರು ಬಂದರೂ ಶಾಂತವ್ವನನ್ನೇ ಮಾತಾಡಿಸುತ್ತಿದ್ದರು. ಹಸಿರು ಬಳೆಯ ಹುಡುಗಿಯ ಅತ್ತೆ ಅವಳಿಗೆ ಚಹಾ ತಂದುಕೊಟ್ಟಳು. ಕಸ ಗುಡಿಸುವಾಕೆ ತನ್ನ ಮಗಳ ಸಂಬಂಧದ ಮಾತು ಅವಳಿಗೆ ಹೇಳಿದಳು. ಮೇಡಂ ಕೂಡ ಬಂದು ನನ್ನ ಹೊಟ್ಟೆ ಒತ್ತುತ್ತ, "ಶಾಂತವ್ವಾ, ಹ್ಯಾಂಗದಾರ ನಿಮ್ಮ ಪೇಷಂಟ್?" ಎಂದು ಅವಳನ್ನು ಕೇಳಿದರು! ಅವಳು, "ರಾತ್ರಿ ಹೊಟ್ಟ್ಯಾಗಿನ ಗಾಳಿ ಸರಿದೈತ್ರಿ ಮೇಡಂ, ಭೇಷ್ ಸರಿದೈತಿ" ಎಂದು ಆಚೆಯ ಕೋಣೆಗೂ ಕೇಳುವ ಹಾಗೆ ಹೇಳಿದಳು. ನಾನು ಚಾದರ ಮುಖದ ಮೇಲೆ ಎಳೆದುಕೊಂಡೆ.

ಅಲ್ಲಿಂದ ಮುದ್ದೇಬಿಹಾಳದಲ್ಲೇ ಕಸ್ತೂರಿಯ ಮನೆಯಲ್ಲಿ ಇಟ್ಟುಕೊಂಡರು. ತೆಗೆದ ಚೀಲದ ಪರೀಕ್ಷೆಯ ಉತ್ತರವೂ ಅಲ್ಲಿಯೇ ಬಂತು. ಕೆಟ್ಟದ್ದು ಏನೂ ಉಳಿದಿಲ್ಲ. ಸಿಂದಗಿಯ ಆ ಹೆಂಗಸಿನ 'ಏನೂ ಇಲ್ಲಂತ' ನನಗೂ ಸಿಕ್ಕಿತು. ನಿಮ್ಮಪ್ಪನಿಗೆ ಫೋನಿನಲ್ಲಿ ಹೇಳುವಾಗ ಶಾಂತವ್ವ ಕಿತ್ತುಕೊಂಡು ತಾನೇ ಹೇಳಿದಳು. ರೊಟ್ಟಿಯನ್ನೂ ಅವಳೇ ಬಡಿಯುತ್ತಿದ್ದಳು. ಒಂದು ದಿನ ನಾನು ತುಂಡು ಮುರಿದು, "ಅಕ್ಕಾ, ಸ್ವಲ್ಪ ತೆಳ್ಳಗ ಬಡಿ" ಎಂದೆ. ಎಷ್ಟು ವರ್ಷ ಕಾದಿದ್ದೆ ಆ ಮಾತಿಗೆ! ಅವಳು, "ಹಲ್ಲ ಅದಾವಲ್ಲ, ಅಗಿ" ಎಂದು ಒಳಗೆ ಹೋದಳು. ಮರುದಿನದ ರೊಟ್ಟಿ ಹಪ್ಪಳದಂತೆ ಇತ್ತು. ಅದನ್ನೂ ನಾನು ಮೆಚ್ಚಬೇಕಾಯಿತು.

ಇಲ್ಲಿಯವರೆಗೆ ಹೇಳಿದ್ದನ್ನು ದೊಡ್ಡಾಯಿಯೂ ಹೇಳುತ್ತಾಳೆ, ತನ್ನ ರೀತಿಯಲ್ಲಿ. ಅವಳ ಕಥೆಯಲ್ಲಿ ಮೇಡಂ ಮುಂದೆ ಮಾತಾಡಿದ್ದು ಅವಳು, ಅತ್ತದ್ದು ನಾನು. ಇನ್ನು ಮುಂದಿನದನ್ನು ಅವಳು ಯಾರಿಗೂ ಹೇಳಿಲ್ಲ.

ನಾವು ಊರಿಗೆ ಹೊರಡುವ ದಿನ ಕಸ್ತೂರಿಯ ಓಣಿಯ ಐದು ಜನ ಹೆಂಗಸರು ಬಂದರು. ಬೇನೆಯಿಂದ ಎದ್ದು ಮನೆಗೆ ಹೊರಟ ಹೆಣ್ಣುಮಗಳಿಗೆ ಉಡಿ ತುಂಬಿ ಕಳಿಸುವುದು ಅವರ ಓಣಿಯ ರೂಢಿ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ, ಅರಿಶಿಣ ಬೇರು, ಮೇಲೆ ಒಂದು ಕುಪ್ಪಸದ ಖಣ. ತಾಟು ಹಿಡಿದು ಬಂದವರು ಬಾಗಿಲಲ್ಲೇ ನಿಂತು ಒಬ್ಬರ ಮುಖ ಒಬ್ಬರು ನೋಡಿದರು. ಗಂಡ ಇಲ್ಲದವಳಿಗೆ ಉಡಿ ತುಂಬುವುದಿಲ್ಲ. ತಂದದ್ದನ್ನು ಹಿಂದಕ್ಕೆ ಒಯ್ಯುವಂತೆಯೂ ಇಲ್ಲ. ಹಿರಿಯಳೊಬ್ಬಳು, "ಶಾಂತಕ್ಕ ಅದಾರಲ್ಲ, ಅವರಿಗೆ ತುಂಬಿದ್ರ ಆತು" ಎಂದಳು.

ಕೊಯ್ಸಿಕೊಂಡವಳು ನಾನು ಚಾಪೆಯ ಮೇಲೆ. ಶಾಂತವ್ವನನ್ನು ಮಣೆಯ ಮೇಲೆ ಕೂರಿಸಿ ಅರಿಶಿಣ ಕುಂಕುಮ ಹಚ್ಚಿ, ಅವಳು ಹಿಡಿದ ಸೆರಗಿನೊಳಗೆ ಐದೂ ಜನ ತುಂಬಿದರು. ನನ್ನನ್ನು ಯಾರೂ ಅವಮಾನ ಮಾಡಲಿಲ್ಲ. ಎಲ್ಲರೂ ನನಗೆ, "ಹುಷಾರಿ ಇರ್ರಿ ಯವ್ವಾ" ಎಂದರು. ಆದರೆ ಇಷ್ಟು ವರ್ಷಗಳ ಉರಿಯೆಲ್ಲ ಆ ಹೊತ್ತಿಗೆ ಒಟ್ಟಾಗಿ ಹೊಲಿಗೆಯ ಹತ್ತಿರ ಬಂದು ಕೂತಿತು. ನಾನು ಗೋಡೆಯ ಕಡೆ ತಿರುಗಿದೆ.

ಹೆಂಗಸರು ಹೋದರು. ಕಸ್ತೂರಿ ಅವರನ್ನು ಕಳಿಸಲು ಓಣಿಯ ತುದಿಯವರೆಗೆ ನಡೆದಳು. ಶಾಂತವ್ವ ಸೆರಗು ಹಿಡಿದುಕೊಂಡೇ ಬಂದು ನನ್ನ ಮುಂದೆ ಮೊಣಕಾಲೂರಿ ಕೂತಳು. ಕೂರುವಾಗ ಮೊಣಕಾಲು ಲಟಕ್ ಎಂದಿತು.

"ಸೆರಗ ಹಿಡಿ."

"ಏನಕ್ಕಾ?"

"ಹಿಡಿಯಂದ್ರ ಹಿಡಿ, ಲಗೂನ. ಕಸ್ತೂರಿ ಬಂದಾಳು."

"ಅಕ್ಕಾ, ನನಗ ನಡಿಯೂದಿಲ್ಲ. ಮಂದಿ ಏನಂದಾರು?"

"ಮಂದಿ ಹ್ವಾದ್ರು. ಎದ್ದ ನಿಂದರಬ್ಯಾಡ, ಮೇಡಂ ಭಾರ ಎತ್ತಬ್ಯಾಡ ಅಂದಾರ, ಕುಂತಽ ಹಿಡಿ." ನನ್ನ ಸೆರಗನ್ನು ತಾನೇ ಹರಡಿ ತನ್ನದನ್ನು ಬಗ್ಗಿಸಿದಳು. ಅಕ್ಕಿ ಜರ್ರನೆ ಇಳಿಯಿತು. "ಚೀಲಾ ಅಂತೂ ಹೋತು. ಉಡಿಯರ ತುಂಬಿರ್ಲಿ ತಂಗಿ."

ಸೆರಗಿನ ತುದಿಗಳನ್ನು ಎರಡೂ ಕೈಯಲ್ಲಿ ಒಟ್ಟು ಮಾಡಿ ಹಿಡಿದೆ. ನನ್ನ ಮಡಿಲಲ್ಲಿ ಅಕ್ಕಿಯ ಭಾರ ಇತ್ತು. ನಿಮ್ಮ ಮುತ್ಯಾ ಹೋದ ಮೇಲೆ ಆ ಜಾಗದಲ್ಲಿ ಭಾರ ಬಿದ್ದದ್ದು ಅದೇ ಮೊದಲು.

ಪೂಜಾ, ಸುಮಾ, ನೀವು ಹೆಣ್ಣುಮಕ್ಕಳು. ಡಾಕ್ಟರ್ ಏನಾದರೂ ಕೇಳಿದರೆ ಯಾವುದು ಎಂದು ತಿರುಗಿ ಕೇಳಿ, ಎಲ್ಲಿಂದ ರಕ್ತ ಎಂದು ಹೆಸರು ಹಿಡಿದು ಹೇಳಿ. ಶರಣು, ನಿನ್ನ ಹೆಂಡತಿ ಬೇನೆ ಬಿದ್ದು ಮಲಗಿದಾಗ ಬಾಗಿಲಲ್ಲಿ ನಿಂತು ಉಂಡಿಯೇನು ಎಂದು ಕೇಳು. ಇಷ್ಟು ಹೇಳಿದರೆ ನನ್ನ ಕೆಲಸ ಆಯಿತು.

ಒಂದು ಮಾತು ಉಳಿಯಿತು. ಊರಿಗೆ ಬಂದು ಉಡಿಯ ಸಾಮಾನು ಬಿಚ್ಚಿ ನೋಡಿದರೆ ಅಕ್ಕಿ ಇತ್ತು, ಕೊಬ್ಬರಿ ಇತ್ತು, ಉತ್ತತ್ತಿ ಅಡಿಕೆ ಎಲ್ಲ ಇತ್ತು. ಖಣ ಇರಲಿಲ್ಲ. ನವಿಲಿನ ಕೊರಳಿನ ಬಣ್ಣದ್ದು, ಕೆಂಪು ದಡಿ. ಇಂಡಿಯ ಮದುವೆಯಲ್ಲಿ ಶಾಂತವ್ವ ಅದನ್ನೇ ಹೊಲಿಸಿ ತೊಟ್ಟುಕೊಂಡು ಕೂತು ನನ್ನ ಕಥೆ ಹೇಳುತ್ತಿದ್ದಳು. ಅವಳಿಗೆ ಚೆನ್ನಾಗಿ ಒಪ್ಪುತ್ತಿತ್ತು. ನನ್ನ ಹೊಟ್ಟೆ ಉರಿಯಿತು.